ಮೂರನೇ ಸ್ಥಾನ ಬಂದವರಿಗೆ ಬೆಳ್ಳಿ ಹೇಗೆ ಸಿಗತ್ತೆ? ಏಷ್ಯನ್ ಗೇಮ್ಸ್ ಟ್ರ್ಯಾಕ್‌ನಲ್ಲಿ ಪದಕದ ಬಣ್ಣ ಬದಲಾಗೋ ಕತೆ

2026ರ ಸೆಪ್ಟೆಂಬರ್ 19ಕ್ಕೆ ಜಪಾನಿನ ಐಚಿ-ನಗೋಯಾದಲ್ಲಿ ಏಷ್ಯನ್ ಗೇಮ್ಸ್ ಶುರು. ಅಥ್ಲೆಟಿಕ್ಸ್ ದಿನಗಳು ಬಂದ ಕೂಡಲೇ ನಮ್ಮ ಫೋನುಗಳಲ್ಲಿ ಒಂದೇ ಥರದ ಗೊಂದಲ ಶುರುವಾಗತ್ತೆ. ರಾತ್ರಿ ಮಲಗೋವಾಗ ಕಂಚು ಅಂತ ಓದಿರ್ತೀವಿ, ಬೆಳಗ್ಗೆ ಎದ್ದು ನೋಡಿದ್ರೆ ಬೆಳ್ಳಿ ಅಂತಿರತ್ತೆ. ಕೆಲವು ಸಲ ಎರಡು ವರ್ಷ ಆದ್ಮೇಲೆ 'ಭಾರತಕ್ಕೆ ಇನ್ನೊಂದು ಚಿನ್ನ' ಅಂತ ಸುದ್ದಿ ಬರತ್ತೆ, ಯಾವ ಕೂಟದ್ದು ಅಂತ ನೋಡಿದ್ರೆ ಯಾವತ್ತೋ ಮುಗಿದು ಹೋಗಿದ್ದು. ಕೆಳಗೆ ಕಾಮೆಂಟ್ ಹಾಕೋರಲ್ಲಿ ಎರಡು ಗುಂಪು. ಒಬ್ಬರು 'ನಮಗೆ ಮೋಸ ಮಾಡೋಕೆ ನೋಡಿದ್ರು' ಅಂತಾರೆ, ಇನ್ನೊಬ್ಬರು 'ಓಡಿ ಗೆಲ್ಲದೇ ಕಂಪ್ಲೇಂಟ್ ಕೊಟ್ಟು ಗೆದ್ರು' ಅಂತಾರೆ.

ಎರಡೂ ಪೂರ್ತಿ ಸರಿ ಅಲ್ಲ. ಟ್ರ್ಯಾಕ್ ಅಂಡ್ ಫೀಲ್ಡ್‌ನಲ್ಲಿ ಬೋರ್ಡ್ ಮೇಲೆ ಮೊದಲು ಬರೋ ಹೆಸರುಗಳು ಅಂತಿಮ ಫಲಿತಾಂಶನೇ ಅಲ್ಲ, ಅದು ಮೂರು ಬಾಗಿಲು ದಾಟಿ ಬರಬೇಕು. ಮೊದಲನೇದು ಸ್ಟಾರ್ಟ್ ಲೈನಲ್ಲಿ ಕೆಲವೇ ಸೆಕೆಂಡ್‌ಗಳ ತೀರ್ಮಾನ, ಎರಡನೇದು ಓಟ ಮುಗಿದ್ಮೇಲಿನ ಅರ್ಧ ಗಂಟೆಯ ಪ್ರೊಟೆಸ್ಟ್ (ತಂಡಗಳು ಕೊಡೋ ಆಕ್ಷೇಪ), ಮೂರನೇದು ಉದ್ದೀಪನ ಮದ್ದಿನ ಪರೀಕ್ಷೆ, ಅದು ಹತ್ತು ವರ್ಷದ ತನಕ ತೆರೆದಿರೋ ಬಾಗಿಲು. ಒಂದೊಂದು ಬಾಗಿಲಲ್ಲೂ ಒಂದೊಂದು ಥರದ ತಪ್ಪು ನುಸುಳತ್ತೆ, ಅದನ್ನ ಸರಿ ಮಾಡೋ ದಾರಿನೂ ಬೇರೆ ಬೇರೆ. ಇದನ್ನ ಬಿಡಿಸಿ ನೋಡದೇ ಇದ್ರೆ ಎಲ್ಲಾ ಒಂದೇ ಥರ ಕಾಣತ್ತೆ, ಒಂದೋ ಸಂಚು ಇಲ್ಲಾಂದ್ರೆ ಅದೃಷ್ಟ.

ಹಾಂಗ್‌ಝೌನಲ್ಲಿ ಆಗಿದ್ದೇನು

ಇದಕ್ಕೆ ಎಲ್ಲರಿಗೂ ನೆನಪಿರೋ ಉದಾಹರಣೆ ಅಂದ್ರೆ ಜ್ಯೋತಿ ಯರ್ರಾಜಿ. ವಿಶಾಖಪಟ್ಟಣದ ಹುಡುಗಿ. 100 ಮೀಟರ್ ಹರ್ಡಲ್ಸ್‌ನ 13 ಸೆಕೆಂಡ್ ಒಳಗೆ, ಹಿಂದಿನಿಂದ ಜಾಸ್ತಿ ಗಾಳಿ ಬೀಸಿತ್ತು ಅನ್ನೋ ತಕರಾರಿಲ್ಲದೇ ಓಡಿದ ಮೊದಲ ಭಾರತೀಯ ಮಹಿಳೆ, ಅದೂ ನಮ್ಮ ಬೆಂಗಳೂರಲ್ಲೇ, 2022ರ ಅಕ್ಟೋಬರ್‌ನ ನ್ಯಾಷನಲ್ ಓಪನ್‌ನಲ್ಲಿ 12.82. 2023ರ ಅಕ್ಟೋಬರ್ 1ಕ್ಕೆ ಹಾಂಗ್‌ಝೌ ಏಷ್ಯನ್ ಗೇಮ್ಸ್ ಫೈನಲ್‌ನಲ್ಲಿ ಅವರ ಪಕ್ಕದ ಲೇನ್‌ನಲ್ಲಿ ಇದ್ದಿದ್ದು ಚೀನಾದ ವು ಯಾನ್ನಿ, ಆ ದೇಶದಲ್ಲಿ ಭಾರೀ ಸ್ಟಾರ್.

'ಸೆಟ್' ಅಂದ್ಮೇಲೆ ಗನ್ ಹಾರೋಕೆ ಮುಂಚೆನೇ ವು ಹೊರಟುಬಿಟ್ರು. ಪಕ್ಕದವರು ಎದ್ದಿದ್ದು ನೋಡಿ ಜ್ಯೋತಿ ಕೂಡ ಎದ್ರು. ಅಧಿಕಾರಿಗಳು ಮೊದಲು ಇಬ್ಬರನ್ನೂ ಹೊರಗೆ ಕಳಿಸೋಕೆ ಹೊರಟ್ರು. ಜ್ಯೋತಿ ಒಪ್ಪಲಿಲ್ಲ, ಅಲ್ಲೇ ನಿಂತು ವಾದ ಮಾಡಿದ್ರು, ಸ್ಕ್ರೀನ್‌ನಲ್ಲಿ ವಿಡಿಯೋ ನೋಡಿದ್ರು, ಕೊನೆಗೆ ಇಬ್ಬರನ್ನೂ ಓಡೋಕೆ ಬಿಟ್ರು. ಚೀನಾದವರೇ ಆದ ಲಿನ್ ಯುವೇ 12.74ರಲ್ಲಿ ಗೆದ್ರು, ವು ಎರಡನೇದು, ಜ್ಯೋತಿ 12.91ರಲ್ಲಿ ಮೂರನೇದು, ಜಪಾನಿನ ತನಾಕಾ ಯುಮಿ 13.04ರಲ್ಲಿ ನಾಲ್ಕನೇದು. ಆಮೇಲೆ ಪರಿಶೀಲನೆ ಆಗಿ ವು ಅನರ್ಹ ಆದ್ರು, ಜ್ಯೋತಿಗೆ ಬೆಳ್ಳಿ ಬಂತು, ತನಾಕಾಗೆ ಕಂಚು.

   

ಇಬ್ಬರೂ ಅಲ್ಲಾಡಿದ್ರು, ಒಬ್ಬರಿಗೆ ಮಾತ್ರ ಶಿಕ್ಷೆ ಯಾಕೆ?

ಜನ ಜಾಸ್ತಿ ಕೇಳೋ ಪ್ರಶ್ನೆ ಇದೇ, ನ್ಯಾಯವಾದ ಪ್ರಶ್ನೆನೂ ಹೌದು. ವಿಡಿಯೋದಲ್ಲಿ ಜ್ಯೋತಿ ಕೂಡ ಗನ್‌ಗೆ ಮುಂಚೆ ಅಲ್ಲಾಡಿದ್ದು ಕಾಣತ್ತಲ್ಲ, ಹಾಗಿದ್ರೆ ಅವರು ಉಳಿದಿದ್ದು ಹೇಗೆ?

ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯ ನಿಯಮದಲ್ಲಿ ಫಾಲ್ಸ್ ಸ್ಟಾರ್ಟ್ (ಗನ್‌ಗೆ ಮುಂಚೆ ಹೊರಡೋದು) ಬಗ್ಗೆ ಹೇಳೋ ಜಾಗದಲ್ಲೇ ಒಂದು ಟಿಪ್ಪಣಿ ಇದೆ. ಒಬ್ಬರು ಮುಂಚೆ ಹೊರಟ್ರೆ ಪಕ್ಕದವರು ಹಿಂದೆನೇ ಹೊರಡೋದು ಸಹಜ, ಕಟ್ಟುನಿಟ್ಟಾಗಿ ನೋಡಿದ್ರೆ ಅವರದ್ದೂ ಫಾಲ್ಸ್ ಸ್ಟಾರ್ಟೇ, ಆದ್ರೆ ಸ್ಟಾರ್ಟರ್ ತನ್ನ ಅಭಿಪ್ರಾಯದಲ್ಲಿ ಯಾರು ಇದಕ್ಕೆ ಕಾರಣವೋ ಅವರಿಗೆ ಮಾತ್ರ ಶಿಕ್ಷೆ ಕೊಡಬೇಕು, ಅಂತ ಅದರ ಸಾರಾಂಶ. ಅಂದ್ರೆ ನಿಯಮ ಕೇಳೋದು 'ಯಾರು ಅಲ್ಲಾಡಿದ್ರು' ಅಂತಲ್ಲ, 'ಯಾರಿಂದ ಶುರುವಾಯ್ತು' ಅಂತ. ಜ್ಯೋತಿ ಬಚಾವಾಗಿದ್ದು ಇದರಿಂದ. ದಯೆ ಅಲ್ಲ, ಭಾರತದ ಒತ್ತಡವೂ ಅಲ್ಲ, ಬರೆದಿಟ್ಟ ಮಾತು.

ತಪ್ಪು ಮಾಡಿದವರನ್ನ ಓಡೋಕೆ ಬಿಟ್ಟಿದ್ದು ಯಾಕೆ ಅನ್ನೋದು ಇನ್ನೊಂದು ಗೊಂದಲ. ಅದಕ್ಕೂ ನಿಯಮ ಇದೆ. ಫಾಲ್ಸ್ ಸ್ಟಾರ್ಟ್ ಅಂತ ಹೇಳಿದ ಕ್ಷಣದಲ್ಲೇ ಕ್ರೀಡಾಪಟು ಬಾಯಿಮಾತಲ್ಲಿ ಆಕ್ಷೇಪ ಎತ್ತಿದ್ರೆ, ರೆಫರಿಗೆ ಅನುಮಾನ ಇದ್ರೆ, 'ಪ್ರೊಟೆಸ್ಟ್ ಅಡಿಯಲ್ಲಿ' ಓಡೋಕೆ ಬಿಡಬಹುದು. ಯಾಕಂದ್ರೆ ಓಡಿಸಿ ಆಮೇಲೆ ತೆಗೆಯೋದು ಸುಲಭ, ಓಡಿಸದೇ ಕಳಿಸಿ ಆಮೇಲೆ 'ಅಯ್ಯೋ ತಪ್ಪಾಯ್ತು' ಅಂದ್ರೆ ಫೈನಲ್ ವಾಪಸ್ ಬರಲ್ಲ. ಈ ತರ್ಕ ಸರಿಯಾಗೇ ಇದೆ. ಆದ್ರೆ ಅದರದ್ದೇ ಒಂದು ಬೆಲೆ ಇದೆ, ಸ್ಟೇಡಿಯಂನಲ್ಲಿ ಕೂತವರು, ಟಿವಿ ನೋಡೋರು, ಪಕ್ಕದ ಲೇನಲ್ಲಿ ಓಡ್ತಿರೋರು, ಯಾರಿಗೂ ಯಾರ ಓಟ ಲೆಕ್ಕಕ್ಕಿದೆ ಅಂತ ಗೊತ್ತಿರಲ್ಲ. ಅಲ್ಲದೇ ಓಟಗಾರರು ಕಾಲಿಟ್ಟು ಹೊರಡೋ ಬ್ಲಾಕ್‌ನಲ್ಲಿರೋ ಎಲೆಕ್ಟ್ರಾನಿಕ್ ಸಿಸ್ಟಮ್ಮೇ ಫಾಲ್ಸ್ ಸ್ಟಾರ್ಟ್ ಅಂತ ತೋರಿಸಿದ್ರೆ ಸಾಮಾನ್ಯವಾಗಿ ಈ ಅವಕಾಶ ಕೊಡಬಾರದು ಅಂತಲೂ ನಿಯಮ ಇದೆ, ಆ ಮೆಷಿನ್ ಮಾಹಿತಿ ತಪ್ಪು ಅಂತ ರೆಫರಿಗೆ ಕಂಡ್ರೆ ಮಾತ್ರ ಬೇರೆ. ವು ಅಷ್ಟು ಮುಂಚೆ ಹೊರಟಿದ್ದು ಬರಿಗಣ್ಣಿಗೇ ಕಾಣ್ತಿತ್ತು, ಹಾಗಾಗಿ ಅವರನ್ನ ಓಡೋಕೆ ಬಿಟ್ಟಿದ್ದೇ ಆ ದಿನದ ದೊಡ್ಡ ಎಡವಟ್ಟು ಅಂತ ಹೇಳಿದ್ರೆ ಅದನ್ನ ತಳ್ಳಿಹಾಕೋದು ಕಷ್ಟ.

ಈ ಶೂನ್ಯ ಸಹನೆ ಬಂದಿದ್ದು ಎಲ್ಲಿಂದ

ಮೊದಲೆಲ್ಲಾ ಇಷ್ಟು ಬಿಗಿ ಇರಲಿಲ್ಲ. 2002ರ ತನಕ ಪ್ರತಿಯೊಬ್ಬರಿಗೂ ಒಂದೊಂದು ಫಾಲ್ಸ್ ಸ್ಟಾರ್ಟ್ ಮಾಫಿ. ಎಂಟು ಜನ ಓಡೋ ಫೈನಲ್‌ನಲ್ಲಿ ಎಷ್ಟು ಸಲ ನಿಲ್ಲಿಸಿ ಮತ್ತೆ ಶುರು ಮಾಡಬೇಕಾಗ್ತಿತ್ತು ಅಂತ ಯೋಚನೆ ಮಾಡಿ, ಟಿವಿಯವರ ವೇಳಾಪಟ್ಟಿ ಎಲ್ಲಾ ಎಕ್ಕುಟ್ಟೋಗ್ತಿತ್ತು. 2003ರಲ್ಲಿ ಬದಲಾಯಿಸಿದ್ರು, ಮೊದಲ ತಪ್ಪು ಯಾರು ಮಾಡಿದ್ರೂ ಇಡೀ ಗುಂಪಿಗೆ ಎಚ್ಚರಿಕೆ, ಎರಡನೇ ಸಲ ಯಾರು ಮಾಡಿದ್ರೂ ಅವರು ಹೊರಗೆ. ಇದರಿಂದ ಹೊಸ ತರಲೆ ಹುಟ್ಟಿಕೊಳ್ತು, ಸ್ಟಾರ್ಟ್ ನಿಧಾನ ಇರೋರು ಬೇಕಂತಲೇ ಒಂದು ಸಲ ಮುಂಚೆ ಎದ್ದುಬಿಟ್ರೆ ಸ್ಟಾರ್ಟ್ ಚೆನ್ನಾಗಿರೋರು ಮುಂದಿನ ಸಲ ಹೆದರಿಕೊಂಡು ಕೂರಬೇಕು. ಅದನ್ನ ತಪ್ಪಿಸೋಕೆ 2010ರಿಂದ ಒಂದೇ ತಪ್ಪಿಗೆ ಔಟ್ ಅಂತ ಮಾಡಿದ್ರು. ಮರುವರ್ಷನೇ ದೇಗು ವಿಶ್ವ ಚಾಂಪಿಯನ್‌ಶಿಪ್‌ನ 100 ಮೀಟರ್ ಫೈನಲ್‌ನಲ್ಲಿ ಉಸೇನ್ ಬೋಲ್ಟ್ ಅವರೇ ಔಟ್ ಆದ್ರು. ಹೆಪ್ಟಾಥ್ಲಾನ್, ಡೆಕಾಥ್ಲಾನ್ ಥರದ, ಏಳು-ಹತ್ತು ಆಟ ಸೇರಿಸಿ ಒಂದಾಗಿರೋ ಸ್ಪರ್ಧೆಗಳಲ್ಲಿ ಮಾತ್ರ ಹಳೇ ಥರ ಗುಂಪಿಗೆ ಒಂದು ಎಚ್ಚರಿಕೆ ಉಳಿದಿದೆ.

ಇದರ ಜೊತೆಗೆ 0.100 ಸೆಕೆಂಡ್ ಲೆಕ್ಕ ಬೇರೆ. ಗನ್ ಸದ್ದು ಕಿವಿಗೆ ಬಿದ್ದು, ಮೆದುಳಿಗೆ ಹೋಗಿ, ಕಾಲು ಬ್ಲಾಕ್ ಒತ್ತೋಕೆ ಕನಿಷ್ಠ ಇಷ್ಟು ಹೊತ್ತು ಬೇಕು ಅಂತ ಊಹೆ, ಅದಕ್ಕಿಂತ ಬೇಗ ಒತ್ತಿದ್ರೆ ಸದ್ದು ಕೇಳಿ ಹೊರಟಿದ್ದಲ್ಲ, ಅಂದಾಜಿನ ಮೇಲೆ ಹೊರಟಿದ್ದು ಅಂತ ತೀರ್ಮಾನ. 2022ರಲ್ಲಿ ಅಮೆರಿಕದ ಯೂಜೀನ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಡೆವನ್ ಅಲೆನ್ 0.099ಕ್ಕೆ ಫೈನಲ್ ಕಳಕೊಂಡ್ರು, ಒಂದು ಸೆಕೆಂಡಿನ ಸಾವಿರದಲ್ಲಿ ಒಂದು ಭಾಗಕ್ಕೆ. ಮನುಷ್ಯನ ಮೈ ಇಷ್ಟು ಗೆರೆ ಎಳೆದ ಹಾಗೆ ಕೆಲಸ ಮಾಡತ್ತಾ ಅಂತ ಕೇಳೋರು ಇದ್ದಾರೆ. ಎಲ್ಲೋ ಒಂದು ಕಡೆ ಗೆರೆ ಎಳೀಲೇಬೇಕಲ್ಲ ಅನ್ನೋರೂ ಇದ್ದಾರೆ. ಈ ಜಗಳ ಸದ್ಯಕ್ಕೆ ಮುಗಿಯೋ ಹಾಗಿಲ್ಲ.

ಎರಡನೇ ಬಾಗಿಲು: ಗೆರೆ ತುಳಿದವರು

ಜ್ಯೋತಿ ಬೆಳ್ಳಿಯ ಮರುದಿನನೇ ಇನ್ನೊಂದು ಪದಕದ ಬಣ್ಣ ಬದಲಾಯ್ತು, ಅದು ಅಷ್ಟು ಸದ್ದು ಮಾಡಲಿಲ್ಲ. ಇಬ್ಬರು ಗಂಡಸರು, ಇಬ್ಬರು ಹೆಂಗಸರು ಓಡೋ ಮಿಕ್ಸೆಡ್ 4x400 ರಿಲೇಯಲ್ಲಿ ಬಹ್ರೇನ್ 3:14.02, ಶ್ರೀಲಂಕಾ 3:14.25, ಭಾರತ 3:14.34. ಅಜ್ಮಲ್, ವಿದ್ಯಾ ರಾಮರಾಜ್, ರಾಜೇಶ್ ರಮೇಶ್, ಶುಭಾ ವೆಂಕಟೇಶನ್ ಓಡಿದ ತಂಡ. ಕಂಚು ಅಂದ್ಕೊಂಡಿದ್ರು, ಶ್ರೀಲಂಕಾ ಲೇನ್ ತಪ್ಪಿದ್ದಕ್ಕೆ ಅನರ್ಹ ಆಯ್ತು, ಬೆಳ್ಳಿ ಬಂತು.

ಲೇನ್ ತಪ್ಪಿದ್ರೆ ಅಷ್ಟು ದೊಡ್ಡ ಶಿಕ್ಷೆ ಯಾಕೆ ಅಂದ್ರೆ, ತಿರುವಿನಲ್ಲಿ ಒಳಗಿನ ಗೆರೆ ದಾಟಿ ಓಡಿದ್ರೆ ಓಡೋ ದೂರನೇ ಕಮ್ಮಿ ಆಗತ್ತೆ. 4x400ರಲ್ಲಿ ಮೊದಲ ಓಟಗಾರ ಪೂರ್ತಿ ಸುತ್ತು ಮತ್ತು ಎರಡನೆಯವರು ಮೊದಲ ತಿರುವು ತಮ್ಮ ತಮ್ಮ ಲೇನಲ್ಲೇ ಓಡಬೇಕು, ಅಲ್ಲಿಂದ ಮುಂದೆ ಬ್ರೇಕ್ ಲೈನ್ ಅನ್ನೋ ಗೆರೆ ದಾಟಿದ್ಮೇಲೆ ಒಳಗೆ ಬರಬಹುದು. ಅದಕ್ಕೆ ಮುಂಚೆನೇ ಒಳಗೆ ನುಗ್ಗಿದ್ರೆ ಅಡ್ಡದಾರಿ ಹಿಡಿದ ಹಾಗೆ. 0.09 ಸೆಕೆಂಡಲ್ಲಿ ಪದಕ ತೀರ್ಮಾನ ಆಗೋ ಕಡೆ ಅರ್ಧ ಮೀಟರೂ ದೊಡ್ಡದೇ.

ಈ ನಿಯಮ ನಮಗೆ ಕೊಟ್ಟಿದ್ದು ಮಾತ್ರ ನೆನಪಿಟ್ಟುಕೊಂಡ್ರೆ ಅನ್ಯಾಯ, ಕಿತ್ತುಕೊಂಡಿದ್ದೂ ಇದೆ. 1986ರ ಸಿಯೋಲ್ ಏಷ್ಯನ್ ಗೇಮ್ಸ್ 800 ಮೀಟರ್‌ನಲ್ಲಿ ಶೈನಿ ಅಬ್ರಹಾಂ ಮುಂದಿದ್ರು, ಬ್ರೇಕ್ ಲೈನ್‌ಗೆ ಮುಂಚೆ ಒಳಗೆ ಬಂದಿದ್ದಕ್ಕೆ ಅನರ್ಹ. 2018ರ ಜಕಾರ್ತದಲ್ಲಿ ಜಿ. ಲಕ್ಷ್ಮಣನ್ 10,000 ಮೀಟರ್‌ನಲ್ಲಿ ಕಂಚು ಗೆದ್ದು ಖುಷಿಪಡೋ ಹೊತ್ತಿಗೆ ಟ್ರ್ಯಾಕ್‌ನ ಒಳಗಿನ ಅಂಚಿನಿಂದ ಆಚೆ ಕಾಲಿಟ್ಟಿದ್ದಕ್ಕೆ ಹೆಸರೇ ಹೋಯ್ತು. 25 ಸುತ್ತು ಓಡಿದವರಿಗೆ ಒಂದು ಹೆಜ್ಜೆಯಿಂದ ಏನು ಲಾಭ ಆಗತ್ತೆ ಅಂತ ಆಗ ತುಂಬಾ ಜನ ಕೇಳಿದ್ರು. ನಿಯಮ ಮಾಡೋರಿಗೂ ಇದು ಅತಿ ಅನ್ನಿಸಿರಬೇಕು, ಆಮೇಲಿನ ವರ್ಷಗಳಲ್ಲಿ ಸ್ವಲ್ಪ ಸಡಿಲ ಮಾಡಿದ್ರು, ತಿರುವಿನಲ್ಲಿ ಗೆರೆ ಮೇಲೆ ಒಂದೇ ಒಂದು ಹೆಜ್ಜೆ ಬಿದ್ರೆ ಈಗ ತಕ್ಷಣ ಅನರ್ಹ ಆಗಲ್ಲ, ಬರೆದಿಟ್ಕೊಳ್ತಾರೆ, ಅದೇ ಸ್ಪರ್ಧೆಯಲ್ಲಿ ಇನ್ನೊಂದು ಸಲ ಆದ್ರೆ ಔಟ್. ಹೀಟ್ಸ್‌ನಲ್ಲಿ (ಫೈನಲ್‌ಗೆ ಮುಂಚಿನ ಸುತ್ತು) ಒಂದು ಹೆಜ್ಜೆ ತಪ್ಪಿದ್ದು ಫೈನಲ್‌ಗೂ ಲೆಕ್ಕಕ್ಕೆ ಬರತ್ತೆ.

ಪ್ರೊಟೆಸ್ಟ್ ಕೊಡೋಕೆ ಫಲಿತಾಂಶ ಅಧಿಕೃತವಾಗಿ ಪ್ರಕಟ ಆದ್ಮೇಲೆ 30 ನಿಮಿಷ ಟೈಮ್. ಮೊದಲು ರೆಫರಿ, ಅವರ ತೀರ್ಮಾನ ಒಪ್ಪಿಗೆ ಆಗಲಿಲ್ಲ ಅಂದ್ರೆ ಜ್ಯೂರಿ ಆಫ್ ಅಪೀಲ್, ಅಂದ್ರೆ ಮೇಲ್ಮನವಿ ಕೇಳೋ ಸಮಿತಿ. ಹಾಗಾಗಿ ದೊಡ್ಡ ಕೂಟಗಳಲ್ಲಿ ಪ್ರತಿ ತಂಡದ ಜೊತೆಗೂ ನಿಯಮ ಅರೆದು ಕುಡಿದವರು ಒಬ್ಬರು ಇರಲೇಬೇಕು, ವಿಡಿಯೋ ನೋಡಿ, ಫಾರಂ ತುಂಬಿ, ಟೈಮ್ ಒಳಗೆ ಕೊಡಬೇಕು. ಹಾಂಗ್‌ಝೌನಲ್ಲಿ ಭಾರತದ ಅಥ್ಲೆಟಿಕ್ಸ್ ಫೆಡರೇಷನ್ ಪರವಾಗಿ ಮಾಜಿ ಲಾಂಗ್ ಜಂಪ್ ತಾರೆ ಅಂಜು ಬಾಬಿ ಜಾರ್ಜ್ ಅಲ್ಲಿದ್ರು, ಜ್ಯೋತಿ ವಿಷಯದಲ್ಲಿ ಪ್ರೊಟೆಸ್ಟ್ ಮಾಡಿದ್ರು. 'ಕಂಪ್ಲೇಂಟ್ ಕೊಟ್ಟು ಗೆದ್ರು' ಅನ್ನೋರಿಗೆ ಉತ್ತರ ಇಷ್ಟೇ, ಕಂಪ್ಲೇಂಟ್ ಕೊಡೋದು ಆಟದ ಭಾಗನೇ, ಕ್ರಿಕೆಟ್‌ನಲ್ಲಿ ಡಿಆರ್‌ಎಸ್ ತಗೊಂಡ್ರೆ ಯಾರೂ ಬೈಯಲ್ಲ ತಾನೇ.

ಆತಿಥೇಯರು ಬೇಕಂತಲೇ ಮಾಡಿದ್ರಾ?

ಅದೇ ಕೂಟದಲ್ಲಿ ಜಾವೆಲಿನ್‌ನಲ್ಲಿ ನೀರಜ್ ಚೋಪ್ರಾ ಮೊದಲ ಎಸೆತದ ಅಳತೆ ದಾಖಲಾಗಲೇ ಇಲ್ಲ, ಆಟ ಸ್ವಲ್ಪ ಹೊತ್ತು ನಿಂತು ಕೊನೆಗೆ ಮತ್ತೆ ಎಸೀಬೇಕಾಯ್ತು. ಕಿಶೋರ್ ಜೆನಾ ಅವರ ಎರಡನೇ ಎಸೆತಕ್ಕೆ ಕೆಂಪು ಬಾವುಟ (ಫೌಲ್) ಎತ್ತಿದ್ರು, ಆಕ್ಷೇಪಿಸಿದ್ಮೇಲೆ ಬಿಳಿ (ಸರಿ) ಆಯ್ತು. ಕೊನೆಗೆ ನೀರಜ್ 88.88 ಮೀಟರ್‌ಗೆ ಚಿನ್ನ, ಜೆನಾ 87.54ಕ್ಕೆ ಬೆಳ್ಳಿ ಗೆದ್ರು ಅನ್ನೋದು ಬೇರೆ ಮಾತು. ಮೂರ್ನಾಲ್ಕು ದಿನದಲ್ಲಿ ಇಷ್ಟೆಲ್ಲಾ ಭಾರತೀಯರಿಗೇ ಆಗಿದ್ದಕ್ಕೆ ನಮ್ಮನ್ನ ಗುರಿ ಮಾಡಿದಾರೆ ಅನ್ನೋ ಆರೋಪ ಜೋರಾಗೇ ಕೇಳಿಬಂತು, ಅಂಜು ಕೂಡ ಬಹಿರಂಗವಾಗಿ ಅಸಮಾಧಾನ ಹೇಳಿದ್ರು.

ಅನುಮಾನ ಬರೋದು ಸಹಜ, ಆದ್ರೆ ಲೆಕ್ಕ ಹಾಕಿ ನೋಡಿದ್ರೆ ಸಂಚು ಅನ್ನೋ ವಾದ ನಿಲ್ಲಲ್ಲ. ಚೀನಾದ ನೆಲದಲ್ಲಿ, ಚೀನಾದ ಪ್ರೇಕ್ಷಕರ ಎದುರು, ಚೀನಾದ ಸ್ಟಾರ್ ಓಟಗಾರ್ತಿಯ ಬೆಳ್ಳಿ ಕಿತ್ತು ಭಾರತಕ್ಕೆ ಕೊಟ್ಟಿದ್ದೂ ಅದೇ ವ್ಯವಸ್ಥೆ. ಅಧಿಕಾರಿಗಳ ಗುಣಮಟ್ಟ ಕಮ್ಮಿ ಇತ್ತು ಅನ್ನೋದನ್ನ ಮಾತ್ರ ಒಪ್ಪಲೇಬೇಕು. ನೀರಜ್ ಥರದ ವಿಶ್ವ ಚಾಂಪಿಯನ್ ಎಸೆದ ಜಾವೆಲಿನ್ ಎಲ್ಲಿ ಬಿತ್ತು ಅಂತ ಅಳತೆ ಸಿಗಲಿಲ್ಲ ಅಂದ್ರೆ ಅದು ಸಂಚಲ್ಲ, ಆದ್ರೆ ಸಂಚಿಗಿಂತ ಹೆಚ್ಚು ಮರ್ಯಾದೆ ಹೋಗೋ ವಿಷಯ. ಇದರ ಪರಿಣಾಮನೂ ಸಣ್ಣದಲ್ಲ. ಆರು ಎಸೆತದಲ್ಲಿ ಮೊದಲನೇದು ಚೆನ್ನಾಗಿ ಬಿದ್ರೆ ಉಳಿದಿದ್ದು ಧೈರ್ಯವಾಗಿ ಎಸೀಬಹುದು, ಅದು ಹೋದ್ರೆ ಮೈ ತಣ್ಣಗಾಗಿ ಮನಸ್ಸು ಕೆಟ್ಟು ಮತ್ತೆ ಸೊನ್ನೆಯಿಂದ ಶುರು. ನೀರಜ್ ತಡ್ಕೊಂಡ್ರು, ಇನ್ನೊಬ್ಬರಾಗಿದ್ರೆ ಏನಾಗ್ತಿತ್ತೋ.

ಮೂರನೇ ಬಾಗಿಲು: ಬಾಟಲಿಯಲ್ಲಿ ಉಳಿದ ಸತ್ಯ

ಮೊದಲ ಎರಡು ಬಾಗಿಲು ಅವತ್ತೇ ಮುಚ್ಚತ್ತೆ. ಮೂರನೇದು ಹಾಗಲ್ಲ. ಮೂತ್ರ ಅಥವಾ ರಕ್ತದ ಸ್ಯಾಂಪಲ್ ಎರಡು ಭಾಗ ಮಾಡ್ತಾರೆ, 'ಎ' ಮತ್ತು 'ಬಿ'. 'ಎ'ನಲ್ಲಿ ಏನಾದ್ರೂ ಸಿಕ್ರೆ ಕ್ರೀಡಾಪಟು 'ಬಿ' ತೆರೆಸಿ ನೋಡಿಸಬಹುದು. ವಿವರಣೆ, ವಿಚಾರಣೆ, ಅಪೀಲು, ಇದೆಲ್ಲಾ ಮುಗಿಯೋಕೆ ತಿಂಗಳುಗಳು, ಕೆಲವು ಸಲ ವರ್ಷ ಬೇಕು. ಇಲ್ಲಿ ಮೂಲ ತತ್ವ ಒಂದೇ, ಮೈಯೊಳಗೆ ಏನು ಸಿಕ್ತೋ ಅದಕ್ಕೆ ಕ್ರೀಡಾಪಟುನೇ ಹೊಣೆ, 'ಗೊತ್ತಿರಲಿಲ್ಲ' ಅಂದ್ರೆ ಶಿಕ್ಷೆ ಕಮ್ಮಿ ಆಗಬಹುದು ಅಷ್ಟೇ, ತಪ್ಪು ಅಳಿಸಿ ಹೋಗಲ್ಲ.

2018ರ ಆಗಸ್ಟ್ 28, ಜಕಾರ್ತ, ಏಷ್ಯನ್ ಗೇಮ್ಸ್‌ನಲ್ಲಿ ಮೊದಲ ಸಲ ಮಿಕ್ಸೆಡ್ 4x400 ರಿಲೇ. ಬಹ್ರೇನ್ 3:11.89ಕ್ಕೆ ಚಿನ್ನ, ಭಾರತ 3:15.71ಕ್ಕೆ ಬೆಳ್ಳಿ. ಭಾರತದ ತಂಡದಲ್ಲಿ ಮೊಹಮ್ಮದ್ ಅನಸ್, ನಮ್ಮ ಎಂ.ಆರ್. ಪೂವಮ್ಮ, ಹಿಮಾ ದಾಸ್, ಆರೋಕ್ಯ ರಾಜೀವ್. ಬಹ್ರೇನ್‌ನ ಒಲುವಕೆಮಿ ಅಡೆಕೋಯಾ ಹಿಮಾ ದಾರಿಗೆ ಅಡ್ಡ ಆದ್ರು ಅಂತ ಭಾರತ ಅವತ್ತೇ ಪ್ರೊಟೆಸ್ಟ್ ಮಾಡಿತ್ತು, ಒಪ್ಪಲಿಲ್ಲ. ಎರಡನೇ ಬಾಗಿಲು ಮುಚ್ಚಿಹೋಯ್ತು. ಆದ್ರೆ ಆಗಸ್ಟ್ 24ಕ್ಕೆ, ಅಂದ್ರೆ ಓಟಕ್ಕೆ ನಾಲ್ಕು ದಿನ ಮುಂಚೆ, ಅದೇ ಅಡೆಕೋಯಾ ಅವರ ಸ್ಯಾಂಪಲ್ ತಗೊಂಡಿದ್ರು, ಅದರಲ್ಲಿ ಸ್ಟಾನೊಝೊಲಾಲ್ ಅನ್ನೋ ಸ್ಟೆರಾಯ್ಡ್ ಸಿಕ್ತು. ನಾಲ್ಕು ವರ್ಷ ಬ್ಯಾನ್, ಸ್ಯಾಂಪಲ್ ತಗೊಂಡ ದಿನದಿಂದ ಮುಂದಿನ ಫಲಿತಾಂಶ ಎಲ್ಲಾ ರದ್ದು. ರಿಲೇಯಲ್ಲಿ ಒಬ್ಬರು ಹೋದ್ರೆ ನಾಲ್ಕೂ ಜನರ ಪದಕ ಹೋಗತ್ತೆ, ಆ ಒಬ್ಬರು ಓಡಿದ ಸುತ್ತನ್ನ ಮಾತ್ರ ಕಳೆದು ಲೆಕ್ಕ ಹಾಕೋಕಾಗಲ್ಲವಲ್ಲ. ಹಾಗಾಗಿ ಭಾರತದ ಬೆಳ್ಳಿ ಚಿನ್ನ ಆಯ್ತು. 400 ಮೀಟರ್ ಹರ್ಡಲ್ಸ್‌ನಲ್ಲೂ ಅವರೇ ಗೆದ್ದಿದ್ರು, ಅದೂ ಹೋಗಿ ನಾಲ್ಕನೇ ಸ್ಥಾನದಲ್ಲಿದ್ದ ಅನು ರಾಘವನ್‌ಗೆ ಕಂಚು ಬಂತು. ಭಾರತದ ಒಟ್ಟು ಪದಕ 69 ಇದ್ದಿದ್ದು 70 ಆಯ್ತು, ಚಿನ್ನ 15ರಿಂದ 16ಕ್ಕೆ.

ಈ ಸುದ್ದಿ ಭಾರತದಲ್ಲಿ ಅಧಿಕೃತವಾಗಿ ಹೊರಬಿದ್ದಿದ್ದು 2020ರ ಜುಲೈನಲ್ಲಿ. ಎರಡು ವರ್ಷ. ಜನಗಣಮನ ಇಲ್ಲ, ಪೋಡಿಯಂ ಇಲ್ಲ, ಜೊತೆಗೆ ಕೊರೋನಾ ಕಾಲ ಬೇರೆ.

ಯಾವ ದಿನದ ಸ್ಯಾಂಪಲ್ ಅನ್ನೋದೇ ಮುಖ್ಯ

ಇಲ್ಲಿ ಜನ ತಪ್ಪು ತಿಳ್ಕೊಳ್ಳೋದು ಒಂದಿದೆ. ಒಬ್ಬರು ಡೋಪಿಂಗ್‌ನಲ್ಲಿ ಸಿಕ್ಕಿಬಿದ್ರೆ ಹಳೇ ಪದಕ ಎಲ್ಲಾ ಹೋಗತ್ತೆ ಅಂತ. ಇಲ್ಲ. ಸ್ಯಾಂಪಲ್ ತಗೊಂಡ ದಿನದಿಂದ ಈಚೆಗಿನದು ಹೋಗತ್ತೆ, ಅದಕ್ಕೆ ಹಿಂದಿನದು ಬೇರೆ ಸಾಕ್ಷಿ ಇದ್ರೆ ಮಾತ್ರ.

ಅಶ್ವಿನಿ ಅಕ್ಕುಂಜಿ ವಿಷಯ ತಗೊಳ್ಳಿ. ಕುಂದಾಪುರ ಕಡೆಯ ಸಿದ್ದಾಪುರದ ಹತ್ತಿರದವರು. 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ, ಮಂಜೀತ್ ಕೌರ್, ಸಿನಿ ಜೋಸ್, ಮನ್‌ದೀಪ್ ಕೌರ್ ಜೊತೆ 4x400 ರಿಲೇ ಚಿನ್ನ. ಇಡೀ ಕರಾವಳಿ ಮೆರವಣಿಗೆ ಮಾಡಿತ್ತು. 2011ರಲ್ಲಿ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ರು, ಕೋಚ್ ಕೊಟ್ಟ ಜಿನ್ಸೆಂಗ್ ಪೂರಕದಿಂದ ಮೈಗೆ ಸೇರಿದ್ದು ಅನ್ನೋದು ಅವರ ವಾದ, ಮೊದಲು ಒಂದು ವರ್ಷ ಬ್ಯಾನ್ ಆಗಿದ್ದು 2012ರಲ್ಲಿ ಅಂತಾರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿಯಲ್ಲಿ ಎರಡು ವರ್ಷಕ್ಕೆ ಏರಿತು. ಆದ್ರೆ 2010ರ ಪದಕಗಳು ಇವತ್ತಿಗೂ ಅವರ ಹೆಸರಲ್ಲೇ ಇವೆ, ಯಾಕಂದ್ರೆ ಸ್ಯಾಂಪಲ್ ಆಮೇಲಿನದು.

ಪೂವಮ್ಮ ವಿಷಯನೂ ಇದೇ ಸಾಲಿನದು, ಹೇಳೋಕೆ ಇಷ್ಟ ಇಲ್ಲದಿದ್ರೂ ಬಿಡೋ ಹಾಗಿಲ್ಲ. ಇನ್ನೊಬ್ಬರ ಡೋಪಿಂಗ್‌ನಿಂದ 2018ರ ಚಿನ್ನ ಸಿಕ್ಕವರು, 2021ರ ಫೆಬ್ರವರಿಯ ಸ್ಯಾಂಪಲ್‌ನಲ್ಲಿ ನಿಷೇಧಿತ ಉತ್ತೇಜಕ ಸಿಕ್ಕು ತಾವೇ ಶಿಕ್ಷೆಗೆ ಒಳಗಾದ್ರು, ಮೊದಲು ಮೂರು ತಿಂಗಳು, ಅಪೀಲಿನಲ್ಲಿ ಎರಡು ವರ್ಷ. 2018ರ ಪದಕಕ್ಕೆ ಇದರಿಂದ ಏನೂ ಆಗಲ್ಲ. ಈ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ 'ಅವರು ಮೋಸಗಾರರು, ನಾವು ಸಾಚಾ' ಅನ್ನೋ ಕತೆ ಅಷ್ಟು ಸಲೀಸಾಗಿ ಕೂರಲ್ಲ.

ಕೊಟ್ಟು ಕಿತ್ಕೊಂಡು ಮತ್ತೆ ಕೊಟ್ಟಿದ್ದು

ಲ್ಯಾಬೂ ತಪ್ಪಬಹುದು, ತೀರ್ಪೂ ತಿರುಗಬಹುದು. 2002ರ ಬೂಸಾನ್‌ನಲ್ಲಿ ಸುನೀತಾ ರಾಣಿ 1500 ಮೀಟರ್ ಚಿನ್ನ, 5000 ಮೀಟರ್ ಕಂಚು ಗೆದ್ರು, ನ್ಯಾಂಡ್ರೊಲೋನ್ ಅನ್ನೋ ಸ್ಟೆರಾಯ್ಡ್ ಸಿಕ್ತು ಅಂತ ಎರಡೂ ಕಿತ್ಕೊಂಡ್ರು. ಆಮೇಲೆ ಲ್ಯಾಬ್‌ನ ದಾಖಲೆಗಳಲ್ಲೇ ಹೊಂದಾಣಿಕೆ ಇಲ್ಲ ಅಂತ ಗೊತ್ತಾಗಿ 2003ರ ಆರಂಭದಲ್ಲಿ ಎರಡೂ ವಾಪಸ್ ಬಂತು. ಅಲ್ಲಿಯ ತನಕ ಆ ಹುಡುಗಿ ಕೇಳಿಸಿಕೊಂಡ ಮಾತುಗಳನ್ನ ಯಾರೂ ವಾಪಸ್ ತಗೊಳ್ಳಲಿಲ್ಲ ಬಿಡಿ.

2014ರ ಇಂಚಿಯಾನ್‌ನದ್ದು ಇನ್ನೂ ತಿರುಗುಮುರುಗು. ಹ್ಯಾಮರ್ ಎಸೆತದಲ್ಲಿ ಚೀನಾದ ಝಾಂಗ್ ವೆನ್‌ಶಿಯು ಚಿನ್ನ ಗೆದ್ದು ಡೋಪಿಂಗ್‌ನಲ್ಲಿ ಕಳಕೊಂಡ್ರು, ಕಂಚು ಗೆದ್ದಿದ್ದ ನಮ್ಮ ಮಂಜು ಬಾಲಾಗೆ ಬೆಳ್ಳಿ ಅಂತ ಹೇಳಿದ್ರು, ಮರುವರ್ಷ ಆಹಾರದಿಂದ ಸೇರಿರಬಹುದು ಅನ್ನೋ ವಾದದ ಮೇಲೆ ಝಾಂಗ್‌ಗೆ ಚಿನ್ನ ವಾಪಸ್ ಬಂತು, ಮಂಜು ಬಾಲಾ ಮತ್ತೆ ಕಂಚಿಗೆ ಇಳಿದ್ರು. ಏನೂ ತಪ್ಪು ಮಾಡದೇ ಮೇಲೆ ಹೋಗಿ ಕೆಳಗೆ ಬಂದ್ರು.

ವಾಪಸ್ ಬರದೇ ಇದ್ದಿದ್ದೂ ಇದೆ. 2006ರ ದೋಹಾದಲ್ಲಿ ತಮಿಳುನಾಡಿನ ಶಾಂತಿ ಸೌಂದರಾಜನ್ 800 ಮೀಟರ್ ಬೆಳ್ಳಿ ಗೆದ್ರು, ಲಿಂಗ ಪರೀಕ್ಷೆ ಮಾಡಿ ಕಿತ್ಕೊಂಡ್ರು. ಅವರು ಯಾವ ಮದ್ದೂ ತಗೊಂಡಿರಲಿಲ್ಲ, ಗೆರೆ ತುಳಿದಿರಲಿಲ್ಲ, ಹುಟ್ಟಿದ ಹಾಗೆ ಓಡಿದ್ರು ಅಷ್ಟೇ. ಓಡಿಸಿ, ಗೆಲ್ಲಿಸಿ, ಆಮೇಲೆ ಇಡೀ ದೇಶದ ಮುಂದೆ ಪರೀಕ್ಷೆಯ ವಿಷಯ ಸೋರಿಹೋಗೋಕೆ ಬಿಟ್ಟಿದ್ದು ಈ ಇಡೀ ಪಟ್ಟಿಯಲ್ಲೇ ಅತಿ ಕ್ರೂರ. 2025ರ ಸೆಪ್ಟೆಂಬರ್‌ನಿಂದ ವಿಶ್ವ ಅಥ್ಲೆಟಿಕ್ಸ್, ಮಹಿಳಾ ವಿಭಾಗದಲ್ಲಿ ವರ್ಲ್ಡ್ ರ್‍ಯಾಂಕಿಂಗ್ ಸ್ಪರ್ಧೆಗಳಿಗೆ ಇಳಿಯೋರು ಒಂದು ಸಲ ಎಸ್‌ಆರ್‌ವೈ ಜೀನ್ (ಸಾಮಾನ್ಯವಾಗಿ ಗಂಡಸರ ವೈ ಕ್ರೋಮೋಸೋಮ್‌ನಲ್ಲಿರೋದು) ಪರೀಕ್ಷೆ ಮಾಡಿಸಿರಬೇಕು ಅಂತ ತಂದಿದೆ. ಪರ ಇರೋರು ಮಹಿಳಾ ವಿಭಾಗ ಕಾಪಾಡೋಕೆ ಇದು ಬೇಕು ಅಂತಾರೆ, ವಿರೋಧಿಸೋರು ಒಂದು ಜೀನ್ ನೋಡಿ ಮನುಷ್ಯರನ್ನ ವಿಂಗಡಿಸೋಕಾಗಲ್ಲ ಅಂತಾರೆ. ಒಂದು ವ್ಯತ್ಯಾಸ ಅಂತೂ ಇದೆ, ಈ ಪ್ರಶ್ನೆ ಈಗ ಪದಕ ಕೊರಳಿಗೆ ಬಿದ್ದ ಮೇಲೆ ಬರಲ್ಲ, ಓಟಕ್ಕೆ ಮುಂಚೆನೇ ಬರತ್ತೆ.

ಬಣ್ಣ ಬದಲಾದ್ರೆ ನಿಜವಾಗಿ ಬದಲಾಗೋದು ಏನು

ಮೊದಲನೇದು ದುಡ್ಡು. 2018ರಲ್ಲಿ ಕೇಂದ್ರ ಸರ್ಕಾರ ಏಷ್ಯನ್ ಗೇಮ್ಸ್‌ನ ಚಿನ್ನಕ್ಕೆ ಬೆಳ್ಳಿಗಿಂತ ಜಾಸ್ತಿ, ಬೆಳ್ಳಿಗೆ ಕಂಚಿಗಿಂತ ಜಾಸ್ತಿ ಕೊಟ್ಟಿತ್ತು, ಅದರ ಮೇಲೆ ರಾಜ್ಯ ಸರ್ಕಾರಗಳದ್ದು, ಇಲಾಖೆಗಳದ್ದು ಬೇರೆ. ನಾಲ್ಕನೇ ಸ್ಥಾನಕ್ಕೂ ಮೂರನೇ ಸ್ಥಾನಕ್ಕೂ ನಡುವೆ ಇರೋದು ಬರೀ ದುಡ್ಡಲ್ಲ, ಸರ್ಕಾರಿ ಕೆಲಸದಲ್ಲಿ ಬಡ್ತಿ, ಪ್ರಶಸ್ತಿ, ಮುಂದಿನ ಕ್ಯಾಂಪ್‌ನಲ್ಲಿ ಜಾಗ, ಎಲ್ಲಾ ಪದಕದ ಹಿಂದೆನೇ ಓಡೋದು. 22-23 ವಯಸ್ಸಲ್ಲಿ ಕಂಚು ಇದ್ರೆ ವಿದೇಶದಲ್ಲಿ ತರಬೇತಿ, ಒಳ್ಳೇ ಫಿಸಿಯೋ. ಅದೇ ಕಂಚು ಎರಡು ವರ್ಷ ತಡವಾಗಿ ಬಂದ್ರೆ ಅಷ್ಟರಲ್ಲಿ ಗಾಯ ಆಗಿ ಮನೇಲಿ ಕೂತಿರಬಹುದು.

ಇದಕ್ಕೇ ಕೆಲವರು, ತಡವಾಗಿ ಬದಲಾಯಿಸೋದೇ ಬೇಡ, ಟ್ರ್ಯಾಕ್ ಮೇಲೆ ಆಗಿದ್ದೇ ಅಂತಿಮ ಅಂತ ವಾದ ಮಾಡ್ತಾರೆ. ಹಾಗೆ ಮಾಡಿದ್ರೆ ಆಗೋದೇನು ಅಂದ್ರೆ ಕೂಟದ ದಿನ ಸಿಕ್ಕಿಬೀಳದ ಮದ್ದು ಹುಡುಕಿ ತಗೊಂಡವರಿಗೆ ಪದಕ ಖಾಯಂ ಆಗತ್ತೆ. ಇವತ್ತು ಪತ್ತೆ ಮಾಡೋಕಾಗದ ಮದ್ದನ್ನ ಐದು ವರ್ಷ ಬಿಟ್ಟು ಬರೋ ಹೊಸ ಮೆಷಿನ್ ಹಿಡಿಯಬಹುದು ಅನ್ನೋ ಭಯ ಒಂದೇ ಕೆಲವರನ್ನ ತಡೆಯೋದು. ಹಾಗಾಗಿ ಮೂರನೇ ಬಾಗಿಲು ತೆರೆದೇ ಇರಬೇಕು, ಜಗಳ ಇರಬೇಕಾದ್ದು ಅದರ ವೇಗದ ಬಗ್ಗೆ. ಓಟಕ್ಕೆ ಮುಂಚೆ ತಗೊಂಡ ಸ್ಯಾಂಪಲ್‌ನ ವರದಿ ಓಟಕ್ಕೆ ಮುಂಚೆನೇ ಬಂದಿದ್ರೆ ಪೂವಮ್ಮ, ಹಿಮಾ, ಅನಸ್, ರಾಜೀವ್ ಜಕಾರ್ತದಲ್ಲೇ ಮೇಲಿನ ಮೆಟ್ಟಿಲ ಮೇಲೆ ನಿಲ್ತಿದ್ರು.

ಇನ್ನು ಬ್ಯಾನ್ ಮುಗಿಸಿದವರು ವಾಪಸ್ ಬರ್ತಾರೆ, ಅದು ಅವರ ಹಕ್ಕು. 2023ರ ಹಾಂಗ್‌ಝೌನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನ ಗೆದ್ದಿದ್ದು ಅದೇ ಅಡೆಕೋಯಾ, 54.45 ಸೆಕೆಂಡ್. ಹೀಟ್ಸ್‌ನಲ್ಲಿ 55.42 ಓಡಿ ಪಿ.ಟಿ. ಉಷಾ ಅವರ 1984ರ ರಾಷ್ಟ್ರೀಯ ದಾಖಲೆ ಸರಿಗಟ್ಟಿದ್ದ ವಿದ್ಯಾ ರಾಮರಾಜ್‌ಗೆ ಫೈನಲ್‌ನಲ್ಲಿ ಕಂಚು. ಆ ಫಲಿತಾಂಶ ಹಾಗೇ ಇದೆ. ನಗೋಯಾದಲ್ಲಿ ಬರೋ ಫಲಿತಾಂಶಗಳಿಗೂ ಇದೇ ಲೆಕ್ಕ, ಮೊದಲ ಅರ್ಧ ಗಂಟೆ ಪ್ರೊಟೆಸ್ಟ್‌ಗೆ, ಆಮೇಲೆ ಅಲ್ಲಿ ತಗೊಂಡ ಸ್ಯಾಂಪಲ್ ಬಾಟಲಿಗಳು 2036ರ ತನಕ ಫ್ರೀಜರ್‌ನಲ್ಲಿ ಇರಬಹುದು.